ಚಿನ್ನದ ನ್ಯಾನೊ ದ್ರಾವಣ ಕ್ಯುವೆಟ್‌ಗೆ ಹಾಕಿದೊಡನೆ ನೀಲಿಯಾಗುತ್ತಿದೆ, ಏಕೆ?

ಪ್ರಶ್ನೆ
ಸಿಟ್ರೇಟ್ ವಿಧಾನದಲ್ಲಿ 13 ನ್ಯಾನೊಮೀಟರ್ ಕಣ ಮಾಡುತ್ತಿದ್ದೇನೆ. 1 ಮಿಲಿಮೋಲಾರ್ ಕ್ಲೋರೋಆರಿಕ್ ಆಮ್ಲ 100 ಮಿ.ಲೀ. ಕುದಿಯುವಾಗ 38.8 ಮಿಲಿಮೋಲಾರ್ ಟ್ರೈಸೋಡಿಯಂ ಸಿಟ್ರೇಟ್ 10 ಮಿ.ಲೀ. ಒಂದೇ ಸಲಕ್ಕೆ ಸುರಿಯುತ್ತೇನೆ. ಫ್ಲಾಸ್ಕಿನಲ್ಲಿ ಕೆಂಪು ಬರುತ್ತದೆ, ಆದರೆ ತುಸು ನೇರಳೆ ಛಾಯೆ ಇರುತ್ತದೆ. ಯುವಿ-ವಿಸ್‌ಗೆಂದು (ಯಾವ ತರಂಗಾಂತರದ ಬೆಳಕು ಎಷ್ಟು ಹೀರಿಕೆಯಾಗುತ್ತದೆ ಎಂಬ ಅಳತೆ) ನಾಲ್ಕು ಪಟ್ಟು ತೆಳು ಮಾಡಿ ಕ್ಯುವೆಟ್‌ಗೆ, ಅಂದರೆ ಅಳತೆಯ ಪುಟ್ಟ ಪಾರದರ್ಶಕ ಪಾತ್ರೆಗೆ, ಹಾಕಿದರೆ ನೀಲಿಯೇ ಆಗಿಬಿಡುತ್ತದೆ, 650 ನ್ಯಾನೊಮೀಟರ್ ಹತ್ತಿರ ದೊಡ್ಡ ಉಬ್ಬು. ಹೀರಿಕೆಯಿಂದ ಬ್ಯಾಂಡ್ ಗ್ಯಾಪ್ (ಎಲೆಕ್ಟ್ರಾನ್ ಇರಲಾಗದ ಶಕ್ತಿಯ ಅಂತರ) ಕಂಡುಹಿಡಿಯುವ ಟಾಕ್ ಪ್ಲಾಟ್ ಎಂಬ ನಕ್ಷೆ ಎಳೆದು ನೋಡಿದೆ, ಗ್ಯಾಪ್ ಕಡಿಮೆ ಬರುತ್ತಿದೆ. ಕಣ ದೊಡ್ಡದಾಗಿದೆ ಎಂದು ತಿಳಿಯಲೇ?

ಉತ್ತರ 1
ಮೊದಲು ಆ ಟಾಕ್ ಪ್ಲಾಟ್ ತೆಗೆದುಹಾಕಿ. ಅದು ಅರೆವಾಹಕಕ್ಕೆ ಸರಿ, ಈ ಚಿನ್ನಕ್ಕಲ್ಲ. 13 ನ್ಯಾನೊಮೀಟರ್ ಕಣದಲ್ಲಿ ಸುಮಾರು 68,000 ಪರಮಾಣುಗಳಿರುತ್ತವೆ. ಶಕ್ತಿಮಟ್ಟಗಳ ನಡುವಿನ ಅಂತರ ಸುಮಾರು 0.1 ಮಿಲಿ ಎಲೆಕ್ಟ್ರಾನ್ ವೋಲ್ಟ್. ಕೋಣೆಯ ಉಷ್ಣತೆಯ ಶಕ್ತಿ 25 ಮಿಲಿ ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಅದು ಅಪ್ಪಟ ಲೋಹ, ಗ್ಯಾಪ್ ಎಂಬುದೇ ಇಲ್ಲ. ಗ್ಯಾಪ್ ಕಾಣಿಸಿಕೊಳ್ಳುವುದು 2 ನ್ಯಾನೊಮೀಟರ್‌ಗಿಂತ ಚಿಕ್ಕ ಗುಚ್ಛಗಳಲ್ಲಿ. ಕಣ ದೊಡ್ಡದಾದಂತೆ ಗ್ಯಾಪ್ ಕುಗ್ಗುತ್ತದೆ ಎಂಬ ಕ್ಯಾಡ್ಮಿಯಂ ಸೆಲೆನೈಡ್ ಕ್ವಾಂಟಮ್ ಚುಕ್ಕೆಯ (ಅರೆವಾಹಕ ನ್ಯಾನೊಕಣದ) ಪಾಠವನ್ನು ಇಲ್ಲಿಗೆ ತರಬೇಡಿ.

ಬಣ್ಣ ಬರುವುದು ಮುಕ್ತ ಎಲೆಕ್ಟ್ರಾನ್‌ಗಳು ಬೆಳಕಿನೊಡನೆ ಒಟ್ಟಾಗಿ ಓಲಾಡುವುದರಿಂದ, ಅಂದರೆ ಪ್ಲಾಸ್ಮಾನ್ ಅನುರಣನದಿಂದ. ಬಿಡಿ ಕಣಕ್ಕೆ ಅದು 520ರ ಆಸುಪಾಸು. ಎರಡು ಕಣ ಅಂಟಿಕೊಂಡರೆ ಓಲಾಟಗಳು ಜೋಡಿಗೂಡಿ ಶೃಂಗ 600ರಾಚೆ ಜಾರುತ್ತದೆ. ನಿಮ್ಮ ಉಬ್ಬು ಹೇಳುತ್ತಿರುವುದು ಅದನ್ನೇ: ಕಣ ಬೆಳೆದಿಲ್ಲ, ಗಂಟುಕಟ್ಟಿದೆ.

ಉತ್ತರ 2
ಫ್ಲಾಸ್ಕಿನ ನೇರಳೆ ಛಾಯೆ ಸಾಮಾನ್ಯವಾಗಿ ಗಾಜಿನ ತಪ್ಪು. ಫ್ಲಾಸ್ಕ್, ಕಂಡೆನ್ಸರ್, ಮ್ಯಾಗ್ನೆಟಿಕ್ ಬೀಡ್ ಮೂರನ್ನೂ ರಾಜೋದಕದಲ್ಲಿ ತೊಳೆಯಿರಿ (ಹೈಡ್ರೋಕ್ಲೋರಿಕ್ 3, ನೈಟ್ರಿಕ್ 1, ಫ್ಯೂಮ್ ಹುಡ್ ಒಳಗೆ, ಆಗಿಂದಾಗ್ಗೆ ಮಾಡಿಕೊಂಡದ್ದು, ಬಾಟಲಿಯಲ್ಲಿ ಮುಚ್ಚಿಡಬೇಡಿ, ಅಸಿಟೋನ್ ಹತ್ತಿರ ಬೇಡವೇ ಬೇಡ). ಆಮೇಲೆ ಶುದ್ಧ ನೀರಿನಲ್ಲಿ ಹತ್ತು ಸಲವಾದರೂ ಜಾಲಿಸಿ. ಬೀಡಿನ ಬಿಳಿ ಮೈಮೇಲೆ ಗೀರಿದ್ದರೆ ಹಳೆಯ ಚಿನ್ನ ಅಲ್ಲೇ ಕೂತಿರುತ್ತದೆ, ಎಸೆದುಬಿಡಿ.

ಚಿನ್ನದ ಲವಣವನ್ನು ಸ್ಟೀಲ್ ಚಮಚದಲ್ಲಿ ತೆಗೆಯಬೇಡಿ, ಲೋಹ ತಾಗಿದಲ್ಲೇ ಚಿನ್ನ ಬೇರ್ಪಡುತ್ತದೆ. ಅದು ತೇವ ಹೀರುವುದರಿಂದ ತೂಗುವಷ್ಟರಲ್ಲಿ ಅಂಟಂಟಾಗುತ್ತದೆ. ಪ್ರತಿ ಸಲ 39.4 ಮಿ.ಗ್ರಾಂ. ತೂಗುವ ಬದಲು ಇಡೀ ಸೀಸೆಯನ್ನು ಒಮ್ಮೆಗೇ ಸ್ಟಾಕ್ ದ್ರಾವಣ ಮಾಡಿ ಕತ್ತಲಲ್ಲಿಡಿ. ಸಿಟ್ರೇಟ್ (114 ಮಿ.ಗ್ರಾಂ., ಡೈಹೈಡ್ರೇಟ್) ಮಾತ್ರ ಅಂದಂದೇ ಕರಗಿಸಿ. ಹಳದಿ ಹೋಗಿ, ಬಣ್ಣವಿಲ್ಲದಾಗಿ, ಕಪ್ಪು-ನೀಲಿಗೆ ತಿರುಗಿ, ನೇರಳೆ ದಾಟಿ ಕೆಂಪಿಗೆ ಬರುತ್ತದೆ. ಅಲ್ಲಿಗೇ ನಿಲ್ಲಿಸದೆ ಇನ್ನೂ 10 ನಿಮಿಷ ಕುದಿಸಿ.

ಅಂದಹಾಗೆ, ತೆಳು ಮಾಡಲು ಏನು ಬಳಸಿದಿರಿ?

ಪ್ರಶ್ನೆ ಕೇಳಿದವರು
ಪಿಬಿಎಸ್ ಬಫರ್ (ಫಾಸ್ಫೇಟ್ ಇರುವ ಉಪ್ಪಿನ ದ್ರಾವಣ), 1 ಪಟ್ಟಿನದು, ಅಂದರೆ ಸಾಮಾನ್ಯ ಸಾಂದ್ರತೆಯದು. ಮುಂದೆ ಪ್ರೋಟೀನ್ ಕೂರಿಸಬೇಕಿದೆ, ಅದಕ್ಕೆ.

ಉತ್ತರ 3
ಸಿಕ್ಕಿತಲ್ಲ ಕಾರಣ! ಸಿಟ್ರೇಟ್ ಹೊದ್ದ ಕಣಗಳನ್ನು ಒಂದರಿಂದೊಂದು ದೂರವಿಡುವುದು ಋಣ ಆವೇಶದ ವಿಕರ್ಷಣೆ ಮಾತ್ರ. ಪಿಬಿಎಸ್‌ನ ಉಪ್ಪಿನಲ್ಲಿ ಆ ವಿಕರ್ಷಣೆಯ ವ್ಯಾಪ್ತಿ 1 ನ್ಯಾನೊಮೀಟರ್‌ಗೂ ಕಡಿಮೆಯಾಗುತ್ತದೆ, ಕಣಗಳು ಹತ್ತಿರ ಬಂದು ಅಂಟಿಕೊಳ್ಳುತ್ತವೆ. ನೀಲಿಯಾದದ್ದು ನೀರು ಹಾಕಿದರೂ ಮರಳಿ ಕೆಂಪಾಗದು, ಚೆಲ್ಲಿಬಿಡಿ.

ಸ್ಪೆಕ್ಟ್ರಮ್‌ಗೆ 3 ಮಿಲಿಮೋಲಾರ್ ಸಿಟ್ರೇಟ್‌ನಲ್ಲೇ ತೆಳು ಮಾಡಿ. ಶೃಂಗ 518ರಿಂದ 520, ಅದರ ಹೀರಿಕೆಯನ್ನು 450ರ ಹೀರಿಕೆಯಿಂದ ಭಾಗಿಸಿದರೆ 1.6ರ ಹತ್ತಿರ ಬಂದರೆ ಗಾತ್ರ ಸರಿಯಿದೆ.

ಪಿಬಿಎಸ್ ಬೇಕೇ ಬೇಕೆಂದರೆ ಮೊದಲು ಕಣಕ್ಕೆ ಥಯಾಲ್-ಪೆಗ್ (ಗಂಧಕದ ತುದಿಯಿಂದ ಚಿನ್ನಕ್ಕೆ ಅಂಟುವ ಪಾಲಿಮರ್) ಅಥವಾ ಪ್ರೋಟೀನ್ ಹೊದಿಸಿ. ಹೊದಿಕೆ ಸಾಕಾಯಿತೇ ಎಂದು ನೋಡಲು 1 ಮಿ.ಲೀ. ದ್ರಾವಣಕ್ಕೆ 10% ಉಪ್ಪುನೀರು 100 ಮೈಕ್ರೋಲೀಟರ್ ಹಾಕಿ ಹತ್ತು ನಿಮಿಷ ಬಿಡಿ. ಕೆಂಪಾಗಿಯೇ ಉಳಿದರೆ ಬಫರ್‌ಗೆ ಹಾಕಬಹುದು. ಉಳಿದ ದ್ರಾವಣ 4 ಡಿಗ್ರಿಯಲ್ಲಿರಲಿ. ಫ್ರೀಜರ್‌ನಲ್ಲಿಟ್ಟರೆ ಹೆಪ್ಪುಗಟ್ಟುವಾಗಲೇ ಕಣಗಳು ಗಂಟುಕಟ್ಟುತ್ತವೆ.