ಡಾಕ್ಯುಮೆಂಟೇಶನ್‌ನಲ್ಲಿ ಉಳಿದಿರುವ ಹಳೇ ಪೈಥಾನ್ ವರ್ಷನ್ ಉಲ್ಲೇಖ ತೆಗೆಯೋದು ಹೇಗೆ? (ಸ್ಫಿಂಕ್ಸ್, 3.8ರಿಂದ 3.10ಕ್ಕೆ)

ಕೋಡುಗಲ್ಲು:
ನಮಸ್ಕಾರ ಎಲ್ಲರಿಗೂ. ಒಂದು ಓಪನ್ ಸೋರ್ಸ್ ಪೈಥಾನ್ ಲೈಬ್ರರಿಯ ಡಾಕ್ಯುಮೆಂಟೇಶನ್ ಸ್ಫಿಂಕ್ಸ್‌ನಲ್ಲಿದೆ (ಆರ್‌ಎಸ್‌ಟಿ ಎಂಬ ಸರಳ ಪಠ್ಯ ಬರವಣಿಗೆಯಿಂದ ಪುಟಗಳನ್ನು ತಯಾರಿಸುವ ಸಾಧನ). ಮುಂದಿನ ರಿಲೀಸ್‌ನಿಂದ ಕನಿಷ್ಠ ಪೈಥಾನ್ 3.8ರ ಬದಲು 3.10 ಆಗಲಿದೆ. ಪುಟಗಳ ತುಂಬಾ "3.8ರಲ್ಲಿ ಬದಲಾಗಿದೆ", "3.9ಕ್ಕಿಂತ ಹಳೆಯದಾದರೆ ಹೀಗೆ ಮಾಡಿ" ಅನ್ನುವ ಸಾಲುಗಳಿವೆ. 3.8 ಇರುವ ವರ್ಷನ್‌ಚೇಂಜ್ಡ್ (ಯಾವ ವರ್ಷನ್‌ನಲ್ಲಿ ಬದಲಾಯಿತು ಅನ್ನುವ ಟಿಪ್ಪಣಿ) ಸಾಲುಗಳನ್ನು ಸೆಡ್‌ನಿಂದ (ಸಾಲು ಸಾಲಾಗಿ ಪಠ್ಯ ತಿದ್ದುವ ಆಜ್ಞೆ) ಅಳಿಸಿ ಬಿಲ್ಡ್ ಮಾಡಿದರೆ ಕೆಲವು ಕಡೆ "ಅನ್‌ಎಕ್ಸ್‌ಪೆಕ್ಟೆಡ್ ಇಂಡೆಂಟೇಶನ್" ಎರರ್. ಕೆಲವು ಕಡೆ ಎರರೂ ಇಲ್ಲ, ಆದರೆ ಪ್ಯಾರಾ ಒಳಕ್ಕೆ ಸರಿದು ನಿಂತಿದೆ. ಒಂದು ಪುಟದಲ್ಲಂತೂ ಮಾಮೂಲಿ ವಾಕ್ಯವೇ ಪದಕೋಶದ ಪಟ್ಟಿಯ ಹಾಗೆ ಕಾಣುತ್ತಿದೆ. ಸರಿಯಾದ ವಿಧಾನ ಯಾವುದು? ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು?

ಹೊಳೆಬದಿ:
ಮೂರಕ್ಕೂ ಕಾರಣ ಒಂದೇ. ವರ್ಷನ್‌ಚೇಂಜ್ಡ್ ಥರದ ಡೈರೆಕ್ಟಿವ್ (ಸ್ಫಿಂಕ್ಸ್‌ಗೆ ಕೊಡುವ ಸೂಚನೆ) ಅಂದರೆ ಆ ಒಂದು ಸಾಲಷ್ಟೇ ಅಲ್ಲ, ಅದರ ಕೆಳಗೆ ಒಳಸರಿದು ಬರುವ ಸಾಲುಗಳೂ ಅದರದ್ದೇ. ಸೆಡ್ ತಲೆಯನ್ನು ತೆಗೆದು ಮೈಯನ್ನು ಬಿಟ್ಟಿದೆ. ಮೇಲೆ ಖಾಲಿ ಸಾಲು ಉಳಿದಿದ್ದರೆ ಆ ಮೈ ಬ್ಲಾಕ್ ಕೋಟ್ (ಒಳಸರಿದ ಉದ್ಧರಣೆ) ಆಗುತ್ತದೆ. ಆರ್‌ಎಸ್‌ಟಿಯಲ್ಲಿ ಅದು ಸರಿಯಾದ ಬರವಣಿಗೆಯೇ, ಹಾಗಾಗಿ ವಾರ್ನಿಂಗ್ ಬರುವುದಿಲ್ಲ. ಖಾಲಿ ಸಾಲೂ ಹೋಗಿ ಮೇಲೆ ಒಂದೇ ಸಾಲಿನ ಪ್ಯಾರಾ ಇದ್ದರೆ ಎರಡೂ ಸೇರಿ ಡೆಫಿನಿಶನ್ ಲಿಸ್ಟ್ ಆಗುತ್ತವೆ. ನಿಮ್ಮ ಪದಕೋಶದ ಪಟ್ಟಿ ಅದೇ. ಮೇಲೆ ಎರಡು ಅಥವಾ ಹೆಚ್ಚು ಸಾಲಿನ ಪ್ಯಾರಾ ಇದ್ದಾಗ ಮಾತ್ರ ಎರರ್ ಬರುತ್ತದೆ. ಅಂದರೆ ವಾರ್ನಿಂಗನ್ನು ಎರರ್ ಮಾಡುವ ದೊಡ್ಡಕ್ಷರದ "ಡಬ್ಲ್ಯೂ" ಆಯ್ಕೆ ಹಾಕಿದರೂ ಬ್ಲಾಕ್ ಕೋಟ್, ಡೆಫಿನಿಶನ್ ಲಿಸ್ಟ್ ಈ ಎರಡು ತೊಂದರೆ ಸಿಕ್ಕಿಬೀಳುವುದಿಲ್ಲ.

ಮೊದಲು ಗಿಟ್‌ನಲ್ಲಿ ಹಿಂದಿನ ಸ್ಥಿತಿಗೆ ಹೋಗಿ. ಸೆಡ್ ಬದಲು ಹತ್ತಿಪ್ಪತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಸಾಕು. ಡೈರೆಕ್ಟಿವ್ ಸಾಲು ಸಿಕ್ಕಾಗ ಅದರ ಮುಂದೆ ಎಷ್ಟು ಸ್ಪೇಸ್ ಇದೆ ಎಂದು ಎಣಿಸಿ. ಅಲ್ಲಿಂದ ಕೆಳಗೆ ಖಾಲಿ ಸಾಲುಗಳು, ಅದಕ್ಕಿಂತ ಹೆಚ್ಚು ಸ್ಪೇಸ್ ಇರುವ ಸಾಲುಗಳು ಎಲ್ಲವೂ ಅದೇ ಬ್ಲಾಕ್. ಅಷ್ಟೇ ಅಥವಾ ಕಡಿಮೆ ಸ್ಪೇಸ್‌ನ ಸಾಲು ಬಂದರೆ ಬ್ಲಾಕ್ ಮುಗಿಯಿತು. ಸ್ಕ್ರಿಪ್ಟ್ ಇವನ್ನು ಅಳಿಸುವುದು ಬೇಡ. ಕಡತದ ಹೆಸರು, ಸಾಲಿನ ಸಂಖ್ಯೆ, ಪೂರ್ತಿ ಬ್ಲಾಕ್ ಪ್ರಿಂಟ್ ಮಾಡಲಿ. ತೆಗೆಯುವ ತೀರ್ಮಾನ ಓದಿದವರದ್ದೇ ಆಗಿರಬೇಕು.

ಆಟೋಡಾಕ್ (ಕೋಡ್‌ನಿಂದಲೇ ವಿವರಣೆ ಎತ್ತಿಕೊಳ್ಳುವ ಸ್ಫಿಂಕ್ಸ್ ವಿಸ್ತರಣೆ) ಬಳಸುತ್ತಿದ್ದರೆ ಅರ್ಧಕ್ಕರ್ಧ ಟಿಪ್ಪಣಿಗಳು ಆರ್‌ಎಸ್‌ಟಿ ಕಡತದಲ್ಲಿ ಇರುವುದೇ ಇಲ್ಲ, ಕೋಡ್ ಒಳಗಿನ ವಿವರಣೆಗಳಾದ ಡಾಕ್‌ಸ್ಟ್ರಿಂಗ್‌ಗಳಲ್ಲಿರುತ್ತವೆ. ಡಾಕ್ಸ್ ಫೋಲ್ಡರ್ ಮಾತ್ರ ಹುಡುಕಬೇಡಿ.

ಇನ್ನೊಂದು ಮುಖ್ಯ ಪ್ರಶ್ನೆ: ನಿಮ್ಮ ಲೈಬ್ರರಿಯ ವರ್ಷನ್ ಎಷ್ಟು?

ಕೋಡುಗಲ್ಲು:
ಈಗ 4.2. ಯಾಕೆ?

ಹೊಳೆಬದಿ:
ಅಲ್ಲೇ ಇದೆ ತೊಡಕು. ವರ್ಷನ್‌ಆ್ಯಡೆಡ್, ವರ್ಷನ್‌ಚೇಂಜ್ಡ್, ಡಿಪ್ರಿಕೇಟೆಡ್ ಈ ಮೂರೂ ಹೇಳಬೇಕಾದದ್ದು ನಿಮ್ಮ ಲೈಬ್ರರಿಯ ವರ್ಷನ್, ಪೈಥಾನ್‌ನದ್ದಲ್ಲ. ನಿಮ್ಮ 3.8 ರಿಲೀಸ್ ಕೂಡ ಒಂದು ಕಾಲಕ್ಕೆ ಇದ್ದಿರಬೇಕಲ್ಲ? ಕನಿಷ್ಠ ಪೈಥಾನ್ ಏರಿತು ಅಂತ ಅವನ್ನು ಅಳಿಸುವುದಕ್ಕೆ ಅರ್ಥವೇ ಇಲ್ಲ.

ನೋಡಲು ಸುಲಭದ ದಾರಿ: ಸ್ಫಿಂಕ್ಸ್‌ನಲ್ಲಿ "ಚೇಂಜಸ್" ಅನ್ನುವ ಬಿಲ್ಡರ್ (ಔಟ್‌ಪುಟ್ ತಯಾರಿಸುವ ಭಾಗ) ಇದೆ. ದೊಡ್ಡಕ್ಷರದ "ಡಿ" ಆಯ್ಕೆಯಲ್ಲಿ ವರ್ಷನ್ 3.8 ಅಂತ ಕೊಟ್ಟು ಓಡಿಸಿದರೆ ಆ ಸಂಖ್ಯೆಯ ಮೂರೂ ಬಗೆಯ ಟಿಪ್ಪಣಿಗಳು ಒಂದೇ ಪುಟದಲ್ಲಿ ಬರುತ್ತವೆ, ಡಾಕ್‌ಸ್ಟ್ರಿಂಗ್‌ನವೂ ಸೇರಿ. ಅಕ್ಷರಶಃ ಹೋಲಿಕೆ ಅದು, 3.8.1 ಬೇಕಿದ್ದರೆ ಬೇರೆಯಾಗಿ ಓಡಿಸಬೇಕು. ಆ ಪಟ್ಟಿಯನ್ನು ನಿಮ್ಮ ರಿಲೀಸ್ ನೋಟ್ಸ್ ಪಕ್ಕ ಇಟ್ಟು ನೋಡಿ. ಅಲ್ಲಿ ಇಲ್ಲದ್ದು ಪೈಥಾನ್‌ಗೆ ಸೇರಿದ್ದಿರಬಹುದು. ಅನುಮಾನ ಬಂದದ್ದಕ್ಕೆ ಗಿಟ್ ಬ್ಲೇಮ್ ಹಾಕಿ, ಆ ಸಾಲು ಯಾವ ಟ್ಯಾಗ್‌ನ ಆಸುಪಾಸಿನಲ್ಲಿ ಬಂತು ಅಂತ ನೋಡಿ.

ಕೋಡುಗಲ್ಲು:
ಹೌದು, ಎರಡೂ ಕಲೆತಿವೆ. ಹೆಚ್ಚಿನವು ಲೈಬ್ರರಿಯವೇ, ಕೆಲವು ಪೈಥಾನ್‌ನವು. ಪೈಥಾನ್‌ನವನ್ನು ಪೂರ್ತಿ ಅಳಿಸಿದರೆ ಆಯಿತಾ?

ಅಕ್ಷರಪಥ:
ಇಲ್ಲ, ಒಂದೊಂದನ್ನೂ ಷರತ್ತು ಅಂತ ಓದಿ. ಕನಿಷ್ಠ 3.10 ಆದಮೇಲೆ "3.9 ಅಥವಾ ಹೊಸದಾದರೆ" ಅನ್ನುವುದು ಯಾವಾಗಲೂ ನಿಜ, ಅಂದರೆ ಷರತ್ತನ್ನು ಮಾತ್ರ ತೆಗೆದು ಮುಖ್ಯ ಮಾತನ್ನು ಉಳಿಸಬೇಕು. "3.9ಕ್ಕಿಂತ ಹಳೆಯದಾದರೆ" ಎಂದಿಗೂ ನಿಜವಲ್ಲ, ಆ ಸಾಲುಗಳು ಪೂರ್ತಿ ಹೋಗಬೇಕು. 3.11 ಅಂತ ಇರುವುದು ಇನ್ನೂ ಜೀವಂತ, ಮುಟ್ಟಬಾರದು.

ಎರಡು ಉದಾಹರಣೆ. ಸಮಯ ವಲಯಗಳ ಝೋನ್‌ಇನ್‌ಫೋ ಮಾಡ್ಯೂಲ್ ಪೈಥಾನ್ 3.9ರಲ್ಲಿ ಬಂತು. "3.8 ಇದ್ದರೆ ಬ್ಯಾಕ್‌ಪೋರ್ಟ್ಸ್ ಡಾಟ್ ಝೋನ್‌ಇನ್‌ಫೋ ಪಿಪ್‌ನಿಂದ ಹಾಕಿಕೊಳ್ಳಿ" ಅನ್ನುವ ಪ್ಯಾರಾ ಇನ್ನು ಬೇಡ, ಜೊತೆಗೆ ಉದಾಹರಣೆ ಕೋಡ್‌ನಲ್ಲಿರುವ ಟ್ರೈ–ಎಕ್ಸೆಪ್ಟ್ ಇಂಪೋರ್ಟ್ ಕೂಡ ಒಂದೇ ಸಾಲಾಗಬೇಕು. ಆದರೆ ಟಾಮಲ್ ಕಡತ ಓದುವ ಟಾಮ್‌ಲಿಬ್ ಮಾಡ್ಯೂಲ್ ಬಂದದ್ದು 3.11ರಲ್ಲಿ. 3.10ರವರಿಗೆ ಅದೇ ಕೆಲಸದ ಹೊರಗಿನ ಪ್ಯಾಕೇಜ್ ಟಾಮ್‌ಲಿ ಇನ್ನೂ ಬೇಕು. ಎರಡು ಪ್ಯಾರಾಗಳೂ ನೋಡಲು ಒಂದೇ ಥರ ಇರುವುದರಿಂದ ಒಟ್ಟಿಗೆ ಅಳಿಸಿ ಹೋಗುವುದು ಬಹಳ ಸಾಮಾನ್ಯ.

ಲೈಬ್ರರಿಯ ಹಳೆಯ ವರ್ಷನ್‌ಚೇಂಜ್ಡ್ ತೆಗೆಯುವಾಗ ಇನ್ನೂ ಎಚ್ಚರ ಬೇಕು. "3.8ರಲ್ಲಿ ಬದಲಾಗಿದೆ: ಟೈಮ್‌ಔಟ್‌ಗೆ ನನ್ (None) ಕೊಟ್ಟರೆ ಮಿತಿಯಿಲ್ಲದೆ ಕಾಯುತ್ತದೆ." ಇದನ್ನು ಹಾಗೇ ಅಳಿಸಿದರೆ ನನ್ ಕೊಡಬಹುದು ಅನ್ನುವ ವಿಷಯ ಡಾಕ್ಯುಮೆಂಟೇಶನ್‌ನಲ್ಲೇ ಇಲ್ಲವಾಗುತ್ತದೆ, ಯಾಕೆಂದರೆ ಬರೆದವರು ಅದನ್ನು ಟಿಪ್ಪಣಿಯಲ್ಲಿ ಮಾತ್ರ ಬರೆದಿದ್ದರು. ಮೊದಲು ಪ್ಯಾರಾಮೀಟರ್‌ನ ವಿವರಣೆಗೆ ಅದನ್ನು ಸೇರಿಸಿ, ಆಮೇಲೆ ಟಿಪ್ಪಣಿ ತೆಗೆಯಿರಿ. ನನ್ನ ಪ್ರಕಾರ ಈ ಕೆಲಸದಲ್ಲಿ ನಿಜವಾದ ಶ್ರಮ ಇಲ್ಲೇ ಇರುವುದು. ಡಿಪ್ರಿಕೇಟೆಡ್ ಟಿಪ್ಪಣಿಗೆ ಎಷ್ಟೇ ವಯಸ್ಸಾಗಿರಲಿ, ಆ ಫಂಕ್ಷನ್ ಕೋಡ್‌ನಲ್ಲಿ ಇರುವವರೆಗೂ ಇರಲಿ. ಚೇಂಜ್‌ಲಾಗ್, ರಿಲೀಸ್ ನೋಟ್ಸ್, ಅಪ್‌ಗ್ರೇಡ್ ಗೈಡ್, ಭದ್ರತಾ ಸೂಚನೆಗಳು ಇತಿಹಾಸ, ಅಲ್ಲಿನ 3.8 ಹಾಗೇ ಇರಬೇಕು.

ನೀಲಿಶಾಯಿ:
ಒಂದು ಆಕ್ಷೇಪ. ಪೈಥಾನ್‌ನ ಅಧಿಕೃತ ಡಾಕ್ಯುಮೆಂಟೇಶನ್‌ನಲ್ಲಿ ಎಲ್‌ಆರ್‌ಯು ಕ್ಯಾಶ್ (ಫಂಕ್ಷನ್‌ನ ಫಲಿತಾಂಶ ನೆನಪಿಡುವ ಸೌಲಭ್ಯ) ನೋಡಿ. 3.2ರಲ್ಲಿ ಸೇರಿದ್ದು, 3.3ರಲ್ಲಿ, 3.8ರಲ್ಲಿ ಬದಲಾದದ್ದು ಎಲ್ಲವನ್ನೂ ಇಟ್ಟುಕೊಂಡಿದ್ದಾರೆ. ತೆಗೆಯಲೇಬೇಕು ಅಂತೇನಿಲ್ಲವಲ್ಲ?

ಅಕ್ಷರಪಥ:
ಪೈಥಾನ್‌ನ ಓದುಗರು ಏಕಕಾಲಕ್ಕೆ ಹಲವು ವರ್ಷನ್‌ಗಳಿಗೆ ಕೋಡ್ ಬರೆಯುತ್ತಾರೆ, ಅವರಿಗೆ ಅದು ಬೇಕು. ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜಾಂಗೊ ಬೇರೆ ದಾರಿ ಹಿಡಿದಿದೆ: ಎರಡು ರಿಲೀಸ್ ಹಿಂದಿನ ವರ್ಷನ್‌ಆ್ಯಡೆಡ್, ವರ್ಷನ್‌ಚೇಂಜ್ಡ್ ಟಿಪ್ಪಣಿಗಳನ್ನು ತೆಗೆಯುವುದು ಅವರ ರಿಲೀಸ್ ಕ್ರಮದಲ್ಲೇ ಬರೆದಿದೆ. ಉದಾಹರಣೆಗೆ 1.9 ಬಂದಾಗ 1.7ರ ಟಿಪ್ಪಣಿ ಹೋಗುತ್ತದೆ. ಚಿಕ್ಕ ಲೈಬ್ರರಿಗೆ ಜಾಂಗೊ ಕ್ರಮವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿಕೊಂಡರೂ ಕಾಂಟ್ರಿಬ್ಯೂಟಿಂಗ್ ಕಡತದಲ್ಲಿ ಬರೆದಿಡಿ.

ಹೊಳೆಬದಿ:
ಹುಡುಕುವ ಬಗ್ಗೆ. ಬರೀ 3.8 ಅಂತ ಹುಡುಕಿದರೆ ಚುಕ್ಕೆ ಯಾವ ಅಕ್ಷರಕ್ಕೂ ಹೊಂದುತ್ತದೆ, 13.8, 3.80 ಕೂಡ ಬರುತ್ತವೆ. ಗಿಟ್ ಗ್ರೆಪ್‌ಗೆ (ಕಡತಗಳಲ್ಲಿ ಹುಡುಕುವ ಆಜ್ಞೆ) ದೊಡ್ಡಕ್ಷರದ "ಇ" ಆಯ್ಕೆ ಹಾಕಿ ಇದನ್ನು ಕೊಡಿ:

(^|[^0-9.])3\.[89]([^0-9]|$)

ಚುಕ್ಕೆಯಿಲ್ಲದ ರೂಪಗಳು ಇದಕ್ಕೆ ಸಿಗುವುದಿಲ್ಲ. ಪರೀಕ್ಷೆ ಓಡಿಸುವ ಟಾಕ್ಸ್‌ನ "ಪಿವೈ38", ಪ್ಯಾಕೇಜ್ ಹಂಚುವ ವೀಲ್ ಕಡತದ ಹೆಸರಿನ "ಸಿಪಿ38" ಬೇರೆಯಾಗಿ ಹುಡುಕಿ. ಸಂಖ್ಯೆಯೇ ಇಲ್ಲದ ಉಲ್ಲೇಖಗಳೂ ಇವೆ: "ಇತ್ತೀಚಿನ ಪೈಥಾನ್‌ನಲ್ಲಿ", "ಈಗ ಸಪೋರ್ಟ್ ಇದೆ", "ಶೀಘ್ರದಲ್ಲೇ ಬರಲಿದೆ". ಇವು ಯಾವ ಕಾಲದ "ಈಗ" ಅಂತ ಓದುಗರಿಗೆ ತಿಳಿಯುವುದಿಲ್ಲ.

ಪೈಥಾನ್ ಡಾಕ್ಯುಮೆಂಟೇಶನ್‌ಗೆ ಕೊಟ್ಟ ಲಿಂಕ್‌ಗಳಲ್ಲಿ 3.8 ಇದ್ದರೆ ಅದನ್ನು ಬರೀ 3 ಮಾಡಿ, ಇಂಟರ್‌ಸ್ಫಿಂಕ್ಸ್ ಮ್ಯಾಪಿಂಗ್‌ನಲ್ಲೂ (ಬೇರೆ ಪ್ರಾಜೆಕ್ಟ್‌ಗಳ ಡಾಕ್ಯುಮೆಂಟೇಶನ್‌ಗೆ ಲಿಂಕ್ ಕೊಡುವ ಸೆಟ್ಟಿಂಗ್) ಅಷ್ಟೇ. ಲಿಂಕ್‌ಚೆಕ್ ಬಿಲ್ಡರ್ ಇದನ್ನು ಹಿಡಿಯುವುದಿಲ್ಲ, ಯಾಕೆಂದರೆ ಹಳೆಯ ಪುಟ ಇನ್ನೂ ತೆರೆಯುತ್ತದೆ. ಕನಿಷ್ಠ ವರ್ಷನ್ ಸಂಖ್ಯೆಯನ್ನು ಆರ್‌ಎಸ್‌ಟಿ ಪ್ರೊಲಾಗ್‌ನಲ್ಲಿ (ಪ್ರತಿ ಕಡತದ ಮೊದಲಿಗೆ ಸೇರುವ ಪಠ್ಯ) ಸಬ್‌ಸ್ಟಿಟ್ಯೂಶನ್ ಆಗಿ ಒಂದೇ ಕಡೆ ಇಡಬಹುದು. ಕೋಡ್ ಬ್ಲಾಕ್ ಒಳಗೆ ಮಾತ್ರ ಅದು ಕೆಲಸ ಮಾಡುವುದಿಲ್ಲ. ಅಲ್ಲಿ ಪಾರ್ಸ್ಡ್ ಲಿಟರಲ್ ಬೇಕು, ಬಣ್ಣದ ಹೈಲೈಟ್ ಹೋಗುತ್ತದೆ.

ಸಿಐ (ಪ್ರತಿ ಬದಲಾವಣೆಗೂ ತಾನಾಗಿ ಪರೀಕ್ಷೆ ಓಡಿಸುವ ವ್ಯವಸ್ಥೆ) ಮತ್ತು ರೀಡ್ ದ ಡಾಕ್ಸ್ (ಡಾಕ್ಯುಮೆಂಟೇಶನ್ ಇಡುವ ತಾಣ) ಇವುಗಳ ಯಾಮಲ್ ಸೆಟ್ಟಿಂಗ್ ಕಡತಗಳಲ್ಲಿ 3.10ಕ್ಕೆ ಉದ್ಧರಣ ಚಿಹ್ನೆ ಕಡ್ಡಾಯ. ಇಲ್ಲದಿದ್ದರೆ ಅದನ್ನು ದಶಮಾಂಶ ಸಂಖ್ಯೆಯಾಗಿ ಓದಿ 3.1 ಮಾಡಿಬಿಡುತ್ತದೆ. 3.8, 3.9 ಇದ್ದಷ್ಟು ಕಾಲ ಈ ತೊಂದರೆ ಗೊತ್ತಾಗುವುದೇ ಇಲ್ಲ.

ಕೋಡುಗಲ್ಲು:
ತುಂಬಾ ಉಪಯೋಗವಾಯಿತು. ಇನ್ನೆರಡು ಪ್ರಶ್ನೆ. "3.8 ಬಳಕೆದಾರರಿಗೆ" ಅನ್ನುವ ಇಡೀ ವಿಭಾಗ ತೆಗೆದರೆ ಬೇರೆ ಪುಟಗಳ ರೆಫ್ ಲಿಂಕ್ ಮುರಿಯುತ್ತಿವೆ. ಮತ್ತೆ ನಮ್ಮಲ್ಲಿ ಕನ್ನಡ ಅನುವಾದವೂ ಇದೆ, ಅದಕ್ಕೇನಾಗುತ್ತದೆ?

ಅಕ್ಷರಪಥ:
ವಿಭಾಗ ಹೋಗಲಿ, ಅದರ ಲೇಬಲ್ ಮಾತ್ರ ಉಳಿಸಿ, ಆ ವಿಷಯ ಈಗ ಎಲ್ಲಿದೆಯೋ ಆ ಶೀರ್ಷಿಕೆಯ ಮೇಲೆ ಇಡಿ. ಒಂದೇ ಶೀರ್ಷಿಕೆಗೆ ಎರಡು ಲೇಬಲ್ ಇರಬಹುದು. ಒಳಗಿನ ರೆಫ್‌ಗಳ ಜೊತೆಗೆ ಆ ಶೀರ್ಷಿಕೆ ಅದೇ ಪುಟದಲ್ಲಿದ್ದರೆ ಹೊರಗಿನವರು ಆ ಲೇಬಲ್‌ನ ಆ್ಯಂಕರ್‌ಗೆ ಕೊಟ್ಟ ಲಿಂಕ್‌ಗಳೂ ಉಳಿಯುತ್ತವೆ. ಪುಟವೇ ಹೋದರೆ ರೀಡೈರೆಕ್ಟ್ ಹಾಕಬೇಕು.

ಅನುವಾದದಲ್ಲಿ ಪೂರ್ತಿ ಪ್ಯಾರಾ ಅಳಿಸಿದರೆ ತೊಂದರೆಯಿಲ್ಲ, ಪಿಒ (ಅನುವಾದದ) ಕಡತದಲ್ಲಿ ಆ ನಮೂದು ಬಳಕೆ ತಪ್ಪುತ್ತದೆ ಅಷ್ಟೇ. ಇಂಗ್ಲಿಷ್ ವಾಕ್ಯದಲ್ಲಿ ಒಂದು ಪದ ತಿದ್ದಿದರೂ ಸ್ಫಿಂಕ್ಸ್ ಇಂಟಲ್ ಅಪ್‌ಡೇಟ್ ಮಾಡಿದಾಗ ಕನ್ನಡದ ಸಾಲಿಗೆ ಫಜಿ (ಮತ್ತೆ ನೋಡಬೇಕು ಅನ್ನುವ) ಗುರುತು ಬೀಳುತ್ತದೆ. ಫಜಿ ಸಾಲನ್ನು ಸ್ಫಿಂಕ್ಸ್ ಸಾಮಾನ್ಯವಾಗಿ ಬಳಸುವುದಿಲ್ಲ, ಕನ್ನಡ ಪುಟದ ನಡುವೆ ಇಂಗ್ಲಿಷ್ ಪ್ಯಾರಾ ಕಾಣುತ್ತದೆ. ಆದ್ದರಿಂದ ಬರೀ ಅಳಿಸಿದ್ದು ಒಂದು ಕಮಿಟ್, ವಾಕ್ಯ ತಿದ್ದಿದ್ದು ಇನ್ನೊಂದು ಕಮಿಟ್ ಮಾಡಿ. ಎರಡನೆಯದನ್ನು ಅನುವಾದಕರಿಗೆ ರಿಲೀಸ್‌ಗೆ ಮೊದಲೇ ತೋರಿಸಿ.

ಹೊಳೆಬದಿ:
ಕೊನೆಗೆ ಪರೀಕ್ಷೆ ಹೀಗೆ. ಬದಲಾವಣೆಗೆ ಮೊದಲು ಒಂದು ಸಲ, ಆದಮೇಲೆ ಒಂದು ಸಲ "ಟೆಕ್ಸ್ಟ್" ಬಿಲ್ಡರ್‌ನಲ್ಲಿ ಬೇರೆ ಬೇರೆ ಫೋಲ್ಡರ್‌ಗೆ ಬಿಲ್ಡ್ ಮಾಡಿ ಡಿಫ್ ನೋಡಿ. ಒಳಸರಿದ ಪ್ಯಾರಾಗಳು ಅಲ್ಲಿ ಎದ್ದು ಕಾಣುತ್ತವೆ. ಆಮೇಲೆ ಮೇಲಿನ ಗಿಟ್ ಗ್ರೆಪ್ ಅನ್ನು ಸಿಐಯಲ್ಲಿ ಹಾಕಿ, ಆದರೆ ಕನಿಷ್ಠ ಪೈಥಾನ್ ಬದಲಿಸುವ ಅದೇ ಪುಲ್ ರಿಕ್ವೆಸ್ಟ್‌ನಲ್ಲಿ. ರಿಲೀಸ್ ನೋಟ್ಸ್ ಫೋಲ್ಡರ್ ಅನ್ನು ":!" ಗುರುತಿನಿಂದ ಹೊರಗಿಡಿ. ಲೈಬ್ರರಿಯ 3.8, 3.9 ಟಿಪ್ಪಣಿಗಳನ್ನು ಇನ್ನೂ ಉಳಿಸಿಕೊಂಡಿದ್ದರೆ ಪ್ಯಾಟರ್ನ್‌ನ ಮೊದಲ ಆವರಣ ತೆಗೆದು, ಆ ಜಾಗದಲ್ಲಿ "ಪೈಥಾನ್" ಪದ ಮತ್ತು ಒಂದು ಐಚ್ಛಿಕ ಸ್ಪೇಸ್ ಇಡಿ. ಇಲ್ಲದಿದ್ದರೆ ಅವೂ ಸಿಕ್ಕಿಬೀಳುತ್ತವೆ. ಗಿಟ್ ಗ್ರೆಪ್ ಏನಾದರೂ ಸಿಕ್ಕರೆ 0, ಸಿಗದಿದ್ದರೆ 1 ಕೊಡುತ್ತದೆ. ಸಿಐಗೆ ಬೇಕಾದದ್ದು ಇದರ ತಿರುಗುಮುರುಗು, ಆದ್ದರಿಂದ ಆಜ್ಞೆಯ ಮುಂದೆ ಒಂದು ಸ್ಪೇಸ್ ಬಿಟ್ಟು "!" ಹಾಕುವುದನ್ನು ಮರೆಯಬೇಡಿ.