ಫಂಕ್ಷನ್ ಏನನ್ನು ಒಪ್ಪುತ್ತದೆ ಅಂತ ಬರೆಯುವುದು ಹೇಗೆ? ಅನುಭವ ಹೇಳಿ

ಪದವಿ ಮೊದಲ ವರ್ಷದವರಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಭಾಷೆಯ ಜೊತೆಗೇ ಬರುವ ಫಂಕ್ಷನ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವುದಕ್ಕೆ ಯಾವ ಆರ್ಗ್ಯುಮೆಂಟ್ (ಫಂಕ್ಷನ್‌ಗೆ ಕೊಡುವ ಮೌಲ್ಯ) ಕೊಡಬಹುದು ಎನ್ನುವುದನ್ನು ಹೇಗೆ ಬರೆದರೆ ಮಕ್ಕಳಿಗೆ ಸುಲಭ? ಕಲಿತವರು, ಕಲಿಸಿದವರು ಹೇಳಿ.

*

ಮೇಡಂ, ಮೊದಲು ಚೌಕ ಬ್ರಾಕೆಟ್ ಬಿಟ್ಟುಬಿಡಿ. ‘ಬೇಕಿದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ’ ಎನ್ನಲು ಎಷ್ಟೋ ಕೈಪಿಡಿಗಳು ಅದನ್ನು ಬಳಸುತ್ತವೆ. ಆದರೆ ಪೈಥಾನ್‌ನಲ್ಲಿ ಲಿಸ್ಟ್‌ಗೂ (ಮೌಲ್ಯಗಳ ಪಟ್ಟಿ) ಅದೇ ಗುರುತು ಅಲ್ವಾ? ಕಲಿಯುವಾಗ ನಾನು, ಸಂಖ್ಯೆಗಳ ಸಾಲು ಕೊಡುವ ರೇಂಜ್ ಫಂಕ್ಷನ್‌ಗೆ ಬ್ರಾಕೆಟ್ ಸಮೇತ ಟೈಪ್ ಮಾಡಿ ಅರ್ಧ ದಿನ ಒದ್ದಾಡಿದ್ದೆ. ಎರಡು ಸಾಲು ಬರೆದರೆ ಸಾಕು. ಒಂದರಲ್ಲಿ ಸ್ಟಾಪ್ (ಎಲ್ಲಿ ನಿಲ್ಲಬೇಕು) ಮಾತ್ರ, ಇನ್ನೊಂದರಲ್ಲಿ ಸ್ಟಾರ್ಟ್ (ಎಲ್ಲಿಂದ ಶುರು), ಸ್ಟಾಪ್, ಸ್ಟೆಪ್ (ಎಷ್ಟೆಷ್ಟು ಹೆಜ್ಜೆ). ಒಂದೇ ಸಂಖ್ಯೆ ಕೊಟ್ಟರೆ ಅದು ಸ್ಟಾಪ್ ಆಗುತ್ತದೆ, ಸ್ಟಾರ್ಟ್ ಅಲ್ಲ. ಇದು ಆಗ ನೋಡಿದ ಕೂಡಲೇ ತಿಳಿಯುತ್ತದೆ.

*

ಬರೀ ಟೈಪ್ (ಮೌಲ್ಯದ ಬಗೆ) ಹೆಸರು ಹೇಳಿದರೆ ಸಾಲದು. ಕೊಟ್ಟದ್ದನ್ನು ಪೂರ್ಣಾಂಕ ಮಾಡುವ ಇಂಟ್ ಫಂಕ್ಷನ್ನೇ ನೋಡಿ. ಅದು ಸ್ಟ್ರಿಂಗ್ (ಕೋಟ್ ಒಳಗಿನ ಪಠ್ಯ) ಒಪ್ಪುತ್ತದೆ ಎಂದು ಬರೆದಿದ್ದನ್ನು ನಂಬಿ, ನನ್ನ ವಿದ್ಯಾರ್ಥಿಯೊಬ್ಬಳು "12.5" ಕೊಟ್ಟಳು. ವ್ಯಾಲ್ಯೂ ಎರರ್ ಬಂತು. ಕೋಟ್ ಇಲ್ಲದೆ 12.5 ಕೊಟ್ಟರೆ 12 ಬರುತ್ತದೆ. ಅವಳು ಗೊಂದಲಪಟ್ಟಿದ್ದು ಸಹಜವೇ. ಎರಡನೆಯ ಆರ್ಗ್ಯುಮೆಂಟ್ ಬೇಸ್, ಅಂದರೆ ಸಂಖ್ಯಾ ಪದ್ಧತಿಯ ಆಧಾರ. ಅದು 0 ಅಥವಾ 2ರಿಂದ 36ರವರೆಗೆ ಇರಬೇಕು. ಬೇಸ್ ಕೊಟ್ಟ ಮೇಲೆ ಮೊದಲನೆಯದು ಸಂಖ್ಯೆ ಆಗಿರುವಂತಿಲ್ಲ, ಸ್ಟ್ರಿಂಗ್ ಅಥವಾ ಬೈಟ್ಸ್ (ಬೈಟ್‌ಗಳ ಸಾಲು) ಥರದ್ದೇ ಆಗಬೇಕು. ಒಂದು ಆರ್ಗ್ಯುಮೆಂಟ್ ಬಂದರೆ ಇನ್ನೊಂದರ ನಿಯಮ ಬದಲಾಗುವ ಇಂಥ ಕಡೆ ದಯವಿಟ್ಟು ಪೂರ್ತಿ ವಾಕ್ಯ ಬರೆಯಿರಿ.

ಇನ್ನೊಂದು ಸಂಗತಿ. "೧೨೩" ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೂ ಇಂಟ್ 123 ಕೊಡುತ್ತದೆ! ಯೂನಿಕೋಡ್ ದಶಮಾಂಶ ಅಂಕಿ ಎಂದು ಗುರುತಿಸಿದ್ದೆಲ್ಲ ಅದಕ್ಕೆ ಓಕೆ. ನಿಮ್ಮ ಕೈಪಿಡಿಯಲ್ಲಿ ಈ ಉದಾಹರಣೆ ಇರಲೇಬೇಕು. ನಮ್ಮ ಕ್ಲಾಸಿನಲ್ಲಿ ಇದನ್ನು ತೋರಿಸಿದ ದಿನ ಕೊನೆಯ ಬೆಂಚಿನವರೂ ಎದ್ದು ಬಂದು ಟೈಪ್ ಮಾಡಿ ನೋಡಿದರು.

*

ಏನನ್ನು ಒಪ್ಪುವುದಿಲ್ಲ ಅನ್ನುವುದನ್ನೂ ಬರೆಯಿರಿ. ಮೌಲ್ಯ ಯಾವ ಟೈಪ್‌ನದು ಎಂದು ನೋಡುವ ಈಸ್‌ಇನ್‌ಸ್ಟನ್ಸ್‌ಗೆ ಹಲವು ಟೈಪ್‌ಗಳನ್ನು ಟ್ಯೂಪಲ್‌ನಲ್ಲಿ (ದುಂಡು ಬ್ರಾಕೆಟ್‌ನ ಪಟ್ಟಿ) ಕೊಡಬಹುದು, ಲಿಸ್ಟ್‌ನಲ್ಲಿ ಕೊಟ್ಟರೆ ಟೈಪ್ ಎರರ್. ‘ಲಿಸ್ಟ್ ನಡೆಯುವುದಿಲ್ಲ’ ಎಂಬ ಎರಡು ಪದ ಇದ್ದಿದ್ದರೆ ನನಗೆ ಒಂದು ಸಂಜೆ ಉಳಿಯುತ್ತಿತ್ತು.

*

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಆರ್ಗ್ಯುಮೆಂಟ್ ಪಟ್ಟಿಯ ನಡುವಿನ ಓರೆಗೆರೆ (/) ಮತ್ತು ನಕ್ಷತ್ರ (*) ಗುರುತನ್ನು ಮೊದಲ ಪುಟದಲ್ಲೇ ವಿವರಿಸಿ. ಓರೆಗೆರೆಗಿಂತ ಮುಂಚಿನದನ್ನು ಹೆಸರು ಹಿಡಿದು ಕೊಡುವಂತಿಲ್ಲ. ನಕ್ಷತ್ರದ ನಂತರದ್ದನ್ನು ಹೆಸರು ಹಿಡಿದೇ ಕೊಡಬೇಕು. ಕ್ರಮವಾಗಿ ಜೋಡಿಸುವ ಸಾರ್ಟೆಡ್‌ಗೆ, ಕ್ರಮ ತಿರುಗಿಸಲು ಸುಮ್ನೆ ಟ್ರೂ ಅಂತ ಕೊಟ್ಟರೆ ಆಗುವುದಿಲ್ಲ, ರಿವರ್ಸ್ ಎಂದು ಹೆಸರು ಹೇಳಿಯೇ ಕೊಡಬೇಕು. ನಾವು ಬರೆಯುವ ಫಂಕ್ಷನ್‌ಗಳಲ್ಲೂ ಓರೆಗೆರೆ ಬಳಸಲು ಪೈಥಾನ್ 3.8ರಿಂದ ಅವಕಾಶ ಇದೆ. ಹಾಗಾಗಿ ಮಕ್ಕಳು ತಾವೇ ಒಂದು ಫಂಕ್ಷನ್ ಬರೆದು ಪರೀಕ್ಷಿಸಬಹುದು.