ಉಬುಂಟು ಡೆಸ್ಕ್‌ಟಾಪ್, ವಿಂಡೋಸ್ ಲ್ಯಾಪ್‌ಟಾಪ್ ನಡುವೆ ನೇರ ಕೇಬಲ್: ಕರ್ನಲ್ ಅಪ್‌ಡೇಟ್ ಆದಮೇಲೆ 2.5ಜಿ ಡ್ರೈವರ್ ಕಾಣ್ತಿಲ್ಲ

ಕೇಬಲ್‌ಕಟ್ಟೆ:

ಡೆಸ್ಕ್‌ಟಾಪ್‌ನಲ್ಲಿ ಉಬುಂಟು 22.04, ಮದರ್‌ಬೋರ್ಡ್ ಮೇಲೆ ಆರ್‌ಟಿಎಲ್8125ಬಿ ನೆಟ್‌ವರ್ಕ್ ಚಿಪ್ (2.5ಜಿ, ಅಂದರೆ ಸೆಕೆಂಡಿಗೆ 2.5 ಗಿಗಾಬಿಟ್). ಲ್ಯಾಪ್‌ಟಾಪ್ ವಿಂಡೋಸ್ 11, ಅದಕ್ಕೆ ಯುಎಸ್‌ಬಿ 2.5ಜಿ ಅಡಾಪ್ಟರ್. ಇಂಟರ್ನೆಟ್ ಎರಡಕ್ಕೂ ವೈಫೈಯಲ್ಲಿ. ಫೋಟೋ, ವಿಡಿಯೊ ಬ್ಯಾಕಪ್‌ಗೆ ಅಂತ ಮಧ್ಯೆ ರೂಟರ್ ಇಲ್ಲದೆ 5 ಮೀಟರ್ ಕ್ಯಾಟ್6 ಕೇಬಲ್ ನೇರ ಹಾಕಿದೀನಿ.

ಕರ್ನಲ್ (ಉಬುಂಟುವಿನ ತಿರುಳು) ಜೊತೆ ಬರೋ ಆರ್8169 ಡ್ರೈವರ್‌ನಲ್ಲಿ ಲಿಂಕ್ ಆಗಾಗ ಬಿಟ್ಟುಹೋಗ್ತಿತ್ತು. ಹಾಗಾಗಿ ಚಿಪ್ ತಯಾರಕರ ಆರ್8125 ಸೋರ್ಸ್ ಇಳಿಸಿ, ಅದರೊಳಗಿನ ಆಟೋರನ್ ಸ್ಕ್ರಿಪ್ಟ್ ಓಡಿಸಿದೆ, ಸರಿಹೋಯ್ತು. ಕರ್ನಲ್ 6.8ಕ್ಕೆ ಅಪ್‌ಡೇಟ್ ಆದಮೇಲೆ ಡ್ರೈವರ್ ಇಲ್ಲ. ಮತ್ತೆ ಕಂಪೈಲ್ ಮಾಡಿ, ಡ್ರೈವರ್ ಲೋಡ್ ಮಾಡೋ ಮಾಡ್‌ಪ್ರೋಬ್ ಕಮಾಂಡ್ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಅನ್ನುತ್ತೆ. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಲಿಂಕ್ ಬರುತ್ತೆ. ಆಗ ವಿಂಡೋಸ್‌ನಿಂದ ಉಬುಂಟುಗೆ ಪಿಂಗ್ ಹೋಗುತ್ತೆ, ಉಬುಂಟುನಿಂದ ವಿಂಡೋಸ್‌ಗೆ ಹೋಗಲ್ಲ. ಕ್ರಾಸ್‌ಓವರ್ ಕೇಬಲ್ ಬೇಕಾ?

ಕರ್ನಲ್‌ಕಾಕಾ:

ಕ್ರಾಸ್‌ಓವರ್ ಬೇಡ. ಗಿಗಾಬಿಟ್ ಮತ್ತು ಅದರ ಮೇಲಿನ ಪೋರ್ಟ್‌ಗಳು ಜೋಡಿ ತಂತಿಗಳನ್ನ ತಾವೇ ಅದಲುಬದಲು ಮಾಡ್ಕೊಳ್ಳುತ್ತವೆ. ಒಂದು ಕಡೆ ಪಿಂಗ್ ಹೋಗ್ತಿದೆ ಅಂದ ಮೇಲೆ ಕೇಬಲ್ ಮೇಲೆ ಅನುಮಾನವೇ ಬೇಡ: ಪಿಂಗ್‌ನ ಉತ್ತರವೂ ಅದೇ ದಾರೀಲಿ ವಾಪಸ್ ಬಂದಿದೆ.

ಡ್ರೈವರ್ ವಿಷಯ. ಆಟೋರನ್ ಸ್ಕ್ರಿಪ್ಟ್ ಮಾಡ್ಯೂಲ್ (ಕರ್ನಲ್‌ಗೆ ಸೇರೋ ಡ್ರೈವರ್ ಕಡತ) ಕಟ್ಟೋದು ಆ ಹೊತ್ತಿಗೆ ಓಡ್ತಿರೋ ಕರ್ನಲ್‌ಗೆ ಮಾತ್ರ. ಹೊಸ ಕರ್ನಲ್ ಬಂದ ದಿನ ಅದು ಇಲ್ಲದಂಗೆ. ಡಿಕೆಎಂಎಸ್ ಅನ್ನೋ ಸಾಧನದ ಮೂಲಕ ಹಾಕಿದರೆ ಪ್ರತಿ ಕರ್ನಲ್‌ಗೂ ತಾನೇ ಕಟ್ಟುತ್ತೆ, ಸಹಿಯನ್ನೂ ಹಾಕುತ್ತೆ. ನಿಮ್ಮ ‘ಕೀ ರಿಜೆಕ್ಟೆಡ್’ ಬಂದಿರೋದು ಆ ಸಹಿ ಇಲ್ಲದ್ದಕ್ಕೇ, ಸಹಿ ಇಲ್ಲದ ಡ್ರೈವರನ್ನ ತಡೆಯೋ ಸೆಕ್ಯೂರ್ ಬೂಟ್ ಆನ್ ಇದೆ.

ಮೊದಲು ಕೈಯಾರೆ ಹಾಕಿದ್ದನ್ನ ತೆಗೀರಿ. ಲಿಬ್ ಮಾಡ್ಯೂಲ್ಸ್ ಫೋಲ್ಡರಿನೊಳಗೆ ಪ್ರತಿ ಕರ್ನಲ್‌ಗೂ ಒಂದು ಉಪಫೋಲ್ಡರ್ ಇರುತ್ತೆ. ಅವುಗಳಲ್ಲಿ ಆರ್8125 ಹೆಸರಿನ ಕಡತ ಹುಡುಕಿ ಅಳಿಸಿ, ಮಾಡ್ಯೂಲ್ ಪಟ್ಟಿ ಹೊಸದು ಮಾಡೋ ಡೆಪ್‌ಮಾಡ್ ಕಮಾಂಡ್ ಓಡಿಸಿ. ಎರಡು ಪ್ರತಿ ಉಳಿದರೆ ಯಾವುದು ಲೋಡ್ ಆಗ್ತಿದೆ ಅಂತ ತಲೆ ಕೆಡುತ್ತೆ.

ಆಮೇಲೆ ಹೆಡರ್‌ಗಳು, ಅಂದರೆ ಡ್ರೈವರ್ ಕಟ್ಟೋಕೆ ಬೇಕಾದ ಕರ್ನಲ್ ಕಡತಗಳು. ಈಗಿನ ಕರ್ನಲ್‌ನ ಹೆಡರ್ ಒಂದನ್ನೇ ಹಾಕಬೇಡಿ, ಎಚ್‌ಡಬ್ಲ್ಯೂಇ (ಹೊಸ ಕರ್ನಲ್ ಕೊಡೋ ಸಾಲು) 22.04ರ ಜೆನೆರಿಕ್ ಹೆಡರ್ಸ್ ಪ್ಯಾಕೇಜ್ ಹಾಕಿ. ಆಗ ಕರ್ನಲ್ ಬಂದಾಗಲೆಲ್ಲ ಹೆಡರೂ ಜೊತೆಗೇ ಬರುತ್ತೆ. ‘ಡಿಕೆಎಂಎಸ್ ಹಾಕಿದ್ರೂ ಡ್ರೈವರ್ ಹೋಯ್ತು’ ಅನ್ನೋ ದೂರುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಜೊತೆಗೆ ಜಿಸಿಸಿ-12 ಕಂಪೈಲರ್ ಕೂಡ ಬೇಕು: 22.04ರಲ್ಲಿ ಡೀಫಾಲ್ಟ್ ಜಿಸಿಸಿ-11, ಆದರೆ ಈ 6.8 ಕರ್ನಲ್ ಕಟ್ಟಿರೋದು 12ರಲ್ಲಿ. ಅದಿಲ್ಲದಿದ್ದರೆ ‘ಟ್ರಿವಿಯಲ್ ಆಟೋ ವಾರ್ ಇನಿಟ್’ ಅನ್ನೋ ಆಯ್ಕೆ ಗೊತ್ತಿಲ್ಲ ಅಂತ ಬಿಲ್ಡ್ ನಿಂತುಹೋಗುತ್ತೆ. ಈಗ ಆರ್8125-ಡಿಕೆಎಂಎಸ್ ಪ್ಯಾಕೇಜನ್ನ ಉಬುಂಟುವಿನ ಆಪ್ಟ್ ಕಮಾಂಡಿನಿಂದ ಹಾಕಿ. ಅದರ ಸೋರ್ಸ್ ಹಳೇದಾಗಿ ಬಿಲ್ಡ್ ಆಗದಿದ್ದರೆ, ತಯಾರಕರ ಹೊಸ ಸೋರ್ಸನ್ನೇ ಡಿಕೆಎಂಎಸ್‌ಗೆ ಸೇರಿಸಿ. ಏನು ಎಡವಟ್ಟಾಯ್ತು ಅನ್ನೋದು ವಾರ್-ಲಿಬ್-ಡಿಕೆಎಂಎಸ್ ಕೆಳಗಿನ ಮೇಕ್ ಲಾಗ್‌ನಲ್ಲಿರುತ್ತೆ.

ಇನ್‌ಸ್ಟಾಲ್ ನಡುವೆ ಸೆಕ್ಯೂರ್ ಬೂಟ್‌ಗೆ ಪಾಸ್‌ವರ್ಡ್ ಕೇಳಿದರೆ 8 ಅಕ್ಷರದ್ದು ಕೊಡಿ, ಬರೀ ಇಂಗ್ಲಿಷ್ ಅಕ್ಷರ ಮತ್ತು ಅಂಕಿ. ರೀಬೂಟ್ ಆದಾಗ ನೀಲಿ ಪರದೆ ಬರುತ್ತೆ, 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಬೇಕು. ಅಲ್ಲಿ ಸಾಲಾಗಿ ಆರಿಸಿ: ಎನ್‌ರೋಲ್ ಎಂಒಕೆ (ಸಹಿಯ ಕೀ ಸೇರಿಸೋದು), ಕಂಟಿನ್ಯೂ, ಯೆಸ್, ಆ ಪಾಸ್‌ವರ್ಡ್, ರೀಬೂಟ್. ತಡ ಮಾಡಿದರೆ ಏನೂ ಆಗದಂಗೆ ಉಬುಂಟು ಬೂಟ್ ಆಗುತ್ತೆ, ಕೀ ಮಾತ್ರ ಸೇರಿರಲ್ಲ. ಅಲ್ಲಿ ಬ್ಲೂಟೂತ್ ಕೀಬೋರ್ಡ್ ನಡೆಯಲ್ಲ, ತಂತಿಯದ್ದು ಇಟ್ಕೊಳ್ಳಿ. ಸೆಕ್ಯೂರ್ ಬೂಟನ್ನೇ ಆಫ್ ಮಾಡಿ ಅಂತ ಸಲಹೆ ಕೊಡೋರು ಬಹಳ ಜನ. ಒಂದೇ ಸಲದ ಈ ಕೆಲಸಕ್ಕೆ ಹೆದರಿ ಬಾಗಿಲು ಕಿತ್ತಿಡೋದು ಬೇಡ.

ಕೊನೆಗೆ ಹಳೇ ಡ್ರೈವರ್ ಲೋಡ್ ಆಗದಂತೆ ಮಾಡ್‌ಪ್ರೋಬ್‌ನ ಬ್ಲಾಕ್‌ಲಿಸ್ಟಿಗೆ ಆರ್8169 ಸೇರಿಸಿ, ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಶುರುವಲ್ಲಿ ಬಳಸೋ ಕಡತ) ಅಪ್‌ಡೇಟ್ ಮಾಡಿ, ರೀಬೂಟ್. ಅದೇ ಬೋರ್ಡಿನಲ್ಲಿ 8111 ಚಿಪ್ಪಿನ ಗಿಗಾಬಿಟ್ ಪೋರ್ಟೂ ಇದ್ದರೆ ಬ್ಲಾಕ್‌ಲಿಸ್ಟ್ ಮಾಡಬೇಡಿ, ಅದಕ್ಕೂ ಆರ್8169 ಡ್ರೈವರೇ ಬೇಕು. ಯಾವುದು ಓಡ್ತಿದೆ ಅಂತ ಈಥ್‌ಟೂಲ್ ಕಮಾಂಡಿಗೆ ಸಣ್ಣ ‘ಐ’ ಆಯ್ಕೆ ಕೊಟ್ಟು ನೋಡಿ.

ಪಿಂಗ್‌ಪುಟ್ಟ:

ಒಂದು ಕಡೆಯ ಪಿಂಗ್ ಬಗ್ಗೆ ನಾನು ಹೇಳ್ತೀನಿ. ಅದು ವಿಂಡೋಸ್ ಫೈರ್‌ವಾಲ್. ಗೇಟ್‌ವೇ (ಹೊರಗೆ ಹೋಗೋ ದಾರಿ, ಸಾಮಾನ್ಯವಾಗಿ ರೂಟರ್) ಇಲ್ಲದ ನೆಟ್‌ವರ್ಕನ್ನ ವಿಂಡೋಸ್ ‘ಅನ್‌ಐಡೆಂಟಿಫೈಡ್’ ಅಂತ ಪಬ್ಲಿಕ್ ಪಟ್ಟಿಗೆ ಹಾಕುತ್ತೆ, ಪಬ್ಲಿಕ್‌ನಲ್ಲಿ ಒಳಬರೋ ಪಿಂಗ್ ಬಂದ್. ಹಾಗಂತ ಗೇಟ್‌ವೇ ತುಂಬಿಸಬೇಡಿ, ಇಂಟರ್ನೆಟ್ ಟ್ರಾಫಿಕ್ ವೈಫೈ ಬಿಟ್ಟು ಈ ಕೇಬಲ್ ಕಡೆ ನುಗ್ಗಿ ಎರಡೂ ಕೆಡುತ್ತೆ.

ವಿಳಾಸ ಹೀಗಿರಲಿ: ಉಬುಂಟು 10.10.10.1, ವಿಂಡೋಸ್ 10.10.10.2, ಮಾಸ್ಕ್ 255.255.255.0, ಗೇಟ್‌ವೇ, ಡಿಎನ್‌ಎಸ್ ಖಾಲಿ. ಮನೆಯ ವೈಫೈ 192.168.1 ಸರಣಿ ಇದ್ದರೆ ಕೇಬಲ್‌ಗೂ ಅದನ್ನೇ ಕೊಡಬೇಡಿ, ಯಾವ ದಾರಿ ಹಿಡಿಯೋದು ಅಂತ ಸಿಸ್ಟಮ್‌ಗೇ ಗೊಂದಲ. ವಿಳಾಸ 169.254ರಿಂದ ಶುರುವಾಗಿದ್ದರೆ ನೀವು ಕೊಟ್ಟದ್ದು ಹತ್ತಿಲ್ಲ ಅಂತ ಅರ್ಥ.

ನಿಜ ಹೇಳಬೇಕಂದ್ರೆ ಆ ಪಿಂಗ್ ನಿಮಗೆ ಬೇಕಾಗೇ ಇಲ್ಲ ಸರ್. ಶೇರ್ ಫೋಲ್ಡರನ್ನ ಉಬುಂಟುನಲ್ಲಿ ಸಾಂಬಾ (ವಿಂಡೋಸ್ ಜೊತೆ ಫೋಲ್ಡರ್ ಹಂಚೋ ತಂತ್ರಾಂಶ) ಹಾಕಿ ಇಡಿ. ಆಗ ಸಂಪರ್ಕ ಯಾವಾಗಲೂ ವಿಂಡೋಸ್‌ನಿಂದ ಹೊರಡುತ್ತೆ, ಅದರ ಫೈರ್‌ವಾಲ್ ಮುಟ್ಟೋ ಹಾಗೇ ಇಲ್ಲ. ಸಾಂಬಾದ ಪಾಸ್‌ವರ್ಡ್ ಉಬುಂಟು ಲಾಗಿನ್‌ನದ್ದಲ್ಲ, smbpasswd ಕಮಾಂಡಿಗೆ ‘ಎ’ ಆಯ್ಕೆ ಕೊಟ್ಟು ಬೇರೆಯಾಗಿ ಇಡಬೇಕು. ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಹೊಸ ವಿಂಡೋಸ್ 11ರಲ್ಲಿ ತೆರೆಯದೇ ಇರಬಹುದು. ಲ್ಯಾಪ್‌ಟಾಪ್‌ನ ವಿಳಾಸಪಟ್ಟಿಯಲ್ಲಿ \\10.10.10.1 ಅಂತ ಅಂಕಿಯಲ್ಲೇ ಹೊಡೀರಿ. ಕಂಪ್ಯೂಟರ್ ಹೆಸರು ಹೊಡೆದರೆ ಅದು ವೈಫೈ ವಿಳಾಸಕ್ಕೆ ಹೋಗಿಬಿಡಬಹುದು. ಕೇಬಲ್ ಸುಮ್ಮನೆ ಬಿದ್ದಿರುತ್ತೆ, ನಿಮಗೆ ಗೊತ್ತೂ ಆಗಲ್ಲ.

ಕೇಬಲ್‌ಕಟ್ಟೆ:

ಎಂಒಕೆ ಸೇರಿಸಿದೆ, 6.8ರಲ್ಲೂ ಡ್ರೈವರ್ ಲೋಡ್ ಆಗ್ತಿದೆ, ಶೇರ್ ತೆರೀತು. ಆದರೆ ಕಾಪಿ ಸೆಕೆಂಡಿಗೆ 38 ಎಂಬಿ ಮೇಲೆ ಏರ್ತಿಲ್ಲ. ಜಂಬೋ ಫ್ರೇಮ್ (ದೊಡ್ಡ ಗಾತ್ರದ ಪ್ಯಾಕೆಟ್) ಆನ್ ಮಾಡಬೇಕಾ?

ಶರಾವತಿ_ಎಸ್:

38 ಅಂದರೆ ಯುಎಸ್‌ಬಿ 2.0ರ ಮಿತಿ. ಅಡಾಪ್ಟರನ್ನ ಯುಎಸ್‌ಬಿ 3 ಪೋರ್ಟಿಗೆ ನೇರ ಹಾಕಿ, ಮಧ್ಯೆ ಹಬ್ ಬೇಡ. ಆಮೇಲೆ ಲಿಂಕಿನ ವೇಗ ಅಳೆಯೋ ಐಪರ್ಫ್3 ಓಡಿಸಿ: 2.35 ಜಿಬಿಪಿಎಸ್ ಆಸುಪಾಸು ಬಂದರೆ ಡ್ರೈವರ್, ಕೇಬಲ್ ಎರಡೂ ಸರಿ. 940 ಎಂಬಿಪಿಎಸ್ ಬಂದರೆ ಲಿಂಕ್ 1 ಗಿಗಾಬಿಟ್‌ಗೆ ಇಳಿದಿದೆ. 95ರ ಹತ್ತಿರ ಬಂದರೆ ನಾಲ್ಕು ಜೋಡಿಯಲ್ಲಿ ಒಂದು ಕೂತಿಲ್ಲ, ಪ್ಲಗ್ ಬದಲಾಯಿಸಿ. ಐಪರ್ಫ್ ಸರಿಯಿದ್ದೂ ಕಾಪಿ ನಿಧಾನ ಅಂದರೆ ಡಿಸ್ಕ್ ನೋಡಿ, ತಿರುಗೋ ಹಾರ್ಡ್‌ಡಿಸ್ಕ್ ಆದರೆ 150ರಿಂದ 200 ಎಂಬಿಗೇ ನಿಲ್ಲುತ್ತೆ.

ಜಂಬೋ ಫ್ರೇಮ್ ಸದ್ಯ ಮುಟ್ಟಬೇಡಿ, 2.5ಜಿಗೆ ಅದರಿಂದ ಲಾಭ ಕಡಿಮೆ. ಮಾಡಲೇಬೇಕು ಅಂದರೆ ಒಂದು ವಿಷಯ ನೆನಪಿರಲಿ: ವಿಂಡೋಸ್ ಡ್ರೈವರ್‌ನಲ್ಲಿ ಕಾಣೋ 9014ರಲ್ಲಿ 14 ಬೈಟ್ ಹೆಡರ್ ಸೇರಿದೆ, ಉಬುಂಟುನಲ್ಲಿ ಅದಕ್ಕೆ ಎಂಟಿಯು (ಪ್ಯಾಕೆಟ್ ಗಾತ್ರದ ಮಿತಿ) 9000 ಕೊಡಬೇಕು. ಒಂದು ಬದಿ ಮಾತ್ರ ಬದಲಾಯಿಸಿದರೆ ಪಿಂಗ್ ಹೋಗುತ್ತೆ, ಶೇರ್ ತೆರೆಯುತ್ತೆ, ದೊಡ್ಡ ಫೈಲ್ ಮಾತ್ರ ಅರ್ಧಕ್ಕೆ ನೇತಾಡಬಹುದು. ವಿಂಡೋಸ್‌ನಿಂದ ಒಡೆಯಬಾರದು ಅನ್ನೋ ‘ಎಫ್’ ಆಯ್ಕೆ ಜೊತೆ 8972 ಬೈಟ್ ಪಿಂಗ್ ಕೊಟ್ಟರೆ ಗೊತ್ತಾಗುತ್ತೆ.

ಲಿಂಕ್ ಆಗಾಗ ಬೀಳೋದು ಹೊಸ ಡ್ರೈವರ್‌ನಲ್ಲೂ ಮರುಕಳಿಸಿದರೆ, ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಅಡ್ವಾನ್ಸ್‌ಡ್ ಪುಟ ತೆಗೆದು ‘ಎನರ್ಜಿ ಎಫಿಶಿಯೆಂಟ್ ಈಥರ್ನೆಟ್’ ಮತ್ತು ‘ಗ್ರೀನ್ ಈಥರ್ನೆಟ್’ ಎರಡನ್ನೂ ಡಿಸೇಬಲ್ ಮಾಡಿ.